ಬೇಟೆಗಾರನ ಬಾಯೊಳಗೆ ಸೀಗಡಿಯ ಕೆಲಸ

ಲಯನ್‌ಫಿಶ್ ಬೇಟೆಯ ಬೆನ್ನಟ್ಟಿ ಓಡುವುದಿಲ್ಲ. ಬೀಸಣಿಗೆಯಂಥ ರೆಕ್ಕೆಗಳನ್ನು ಎರಡೂ ಕಡೆ ಬಿಚ್ಚಿಕೊಂಡು, ಬಾಲ ಅಲ್ಲಾಡಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ ಮುಂದೆ ಸರಿಯುತ್ತದೆ. ಎದುರಿಗಿರುವ ಪ್ರಾಣಿಗೆ ಹಿಂದಕ್ಕೆ ಹೋಗಲು ಬಂಡೆ ಅಡ್ಡ, ಪಕ್ಕಕ್ಕೆ ಸರಿಯಲು ಆ ಅಗಲದ ರೆಕ್ಕೆ ಅಡ್ಡ. ಕೆಲವೊಮ್ಮೆ ಅದು ಬಾಯಿಯಿಂದ ನೀರಿನ ಸಣ್ಣ ಧಾರೆ ಊದುತ್ತದೆ. ಬೇಟೆ ಆ ಹರಿವಿನ ಕಡೆ ಮುಖ ತಿರುಗಿಸುತ್ತದೆ. ಅಂದರೆ ನುಂಗಲು ಅನುಕೂಲವಾಗುವಂತೆ ತಲೆಯನ್ನೇ ಮುಂದಿಡುತ್ತದೆ. ಆಮೇಲೆ ಬಾಯಿ ತೆರೆದದ್ದೂ ಮುಚ್ಚಿದ್ದೂ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಉಪ್ಪುನೀರಿನ ಅಕ್ವೇರಿಯಂ ಇಟ್ಟ ಎಷ್ಟೋ ಮಂದಿಗೆ ಇದನ್ನು ನೋಡುವ ಅವಕಾಶವೂ ಸಿಕ್ಕಿಲ್ಲ. ರಾತ್ರಿ ದೀಪ ಆರಿಸುವಾಗ ಇದ್ದ ಸೀಗಡಿ ಬೆಳಿಗ್ಗೆ ಇಲ್ಲ, ಅಷ್ಟೇ ಅವರಿಗೆ ಗೊತ್ತು.

ಲಯನ್‌ಫಿಶ್ ಬದುಕುವ ಹಿಂದೂ ಮಹಾಸಾಗರದಲ್ಲೇ, ಹವಳದ ದಿಬ್ಬದ ಸಂದಿಯೊಂದರಲ್ಲಿ ದೈತ್ಯ ಮೊರೆ ಹಾವುಮೀನು ಬಾಯಿ ತೆರೆದುಕೊಂಡು ನಿಂತಿರುತ್ತದೆ. ಮೂರು ಮೀಟರ್‌ವರೆಗೆ ಬೆಳೆಯುವ ಮೀನು. ಹೊರಗೆ ಕಾಣುವ ಹಲ್ಲುಗಳಲ್ಲದೆ ಮೊರೆಗಳ ಗಂಟಲಲ್ಲಿ ಎರಡನೆಯ ಜೋಡಿ ದವಡೆ ಇದೆ. ಬೇಟೆಯನ್ನು ಕಚ್ಚಿದೊಡನೆ ಅದು ಮುಂದಕ್ಕೆ ಬಂದು ಹಿಡಿದು ಒಳಗೆಳೆಯುತ್ತದೆ ಎಂಬುದನ್ನು ಕ್ಯಾಲಿಫೋರ್ನಿಯಾದ ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ 2007ರಲ್ಲಿ ತೋರಿಸಿದರು. ಅಂಥ ಬಾಯೊಳಗೆ ಐದಾರು ಸೆಂಟಿಮೀಟರ್ ಉದ್ದದ ಸೀಗಡಿಯೊಂದು ನಿರಾಳವಾಗಿ ಓಡಾಡುತ್ತಿರುತ್ತದೆ. ಕೆಂಪು ಬೆನ್ನು, ನಡುವೆ ತಲೆಯಿಂದ ಬಾಲದ ಕಡೆಗೆ ಒಂದು ಬಿಳಿ ಪಟ್ಟೆ, ಉದ್ದನೆಯ ಬಿಳಿ ಮೀಸೆಗಳು. ಹಲ್ಲಿನ ಸಂದಿಯ ಮಾಂಸದ ಚೂರು, ಚರ್ಮಕ್ಕೆ ಅಂಟಿದ ಪರೋಪಜೀವಿ, ಗಾಯದ ಅಂಚಿನ ಸತ್ತ ಚರ್ಮ, ಎಲ್ಲವನ್ನೂ ಹೆಕ್ಕಿ ತಿನ್ನುತ್ತದೆ. ವಿಜ್ಞಾನಿಗಳು ಇದನ್ನು ಲೈಸ್ಮಾಟಾ ಅಂಬೊಯ್ನೆನ್ಸಿಸ್ ಎನ್ನುತ್ತಾರೆ. ಅಂಗಡಿಗಳಲ್ಲಿ ಕ್ಲೀನರ್ ಶ್ರಿಂಪ್ ಎಂದರೆ ಸಾಕು.

ಈ ಎರಡು ದೃಶ್ಯಗಳಲ್ಲಿ ಯಾವುದು ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ನಡೆಯುತ್ತದೆ? ಬೆಂಗಳೂರಿನ ಅಕ್ವೇರಿಯಂ ಅಂಗಡಿಗಳಲ್ಲಿ ಉಪ್ಪುನೀರಿನ ತೊಟ್ಟಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಪ್ರಶ್ನೆ ಕಿವಿಗೆ ಬೀಳುತ್ತದೆ. “ಲಯನ್ ಜೊತೆ ಕ್ಲೀನರ್ ಬಿಡಬಹುದಾ ಅಣ್ಣಾ?” ಒಂದು ಅಂಗಡಿಯಲ್ಲಿ “ಏನೂ ಆಗಲ್ಲ ಸಾರ್, ಕ್ಲೀನರ್‌ನ ಯಾವ ಮೀನೂ ಮುಟ್ಟಲ್ಲ” ಎನ್ನುತ್ತಾರೆ. ಪಕ್ಕದ ಅಂಗಡಿಯಲ್ಲಿ “ಒಂದು ರಾತ್ರಿ ಉಳಿಯಲ್ಲ ಸಾರ್.” ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿರುತ್ತಾರೆ. ಹವಳದ ದಿಬ್ಬದಲ್ಲಿ ಬೇಟೆಗಾರನಿಗೂ ಸೀಗಡಿಗೂ ನಡುವೆ ಇರುವ ಶಾಂತಿ ಕೆಲವು ಏರ್ಪಾಡುಗಳ ಮೇಲೆ ನಿಂತಿದೆ. ಜಾಗ, ಸಂಕೇತ, ತುಂಬಿದ ಹೊಟ್ಟೆ, ಬೇಡವೆನಿಸಿದಾಗ ದೂರ ಹೋಗುವ ಸ್ವಾತಂತ್ರ್ಯ. ನಾಲ್ಕಡಿಯ ತೊಟ್ಟಿಯಲ್ಲಿ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಇಲ್ಲವಾಗುತ್ತದೆ ಎಂಬುದರ ಮೇಲೆ ಸೀಗಡಿಯ ಆಯುಷ್ಯ ನಿಂತಿದೆ. ಇದನ್ನು ಅದೃಷ್ಟಕ್ಕೆ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಏಕೆಂದರೆ ಈ ಏರ್ಪಾಡುಗಳ ಬಗ್ಗೆ ನಮಗೆ ಈಗ ಸಾಕಷ್ಟು ಗೊತ್ತಿದೆ.

ಕುಣಿತದ ಭಾಷೆ

ಕಡಲೊಳಗಿನ ಈ ‘ಕ್ಷೌರದ ಅಂಗಡಿ’ಗಳನ್ನು ಜಗತ್ತಿನ ಗಮನಕ್ಕೆ ತಂದವರಲ್ಲಿ ಮುಖ್ಯ ಹೆಸರು ಕಾನ್ರಾಡ್ ಲಿಂಬಾ. ಅಮೆರಿಕದ ಸ್ಕ್ರಿಪ್ಸ್ ಸಾಗರ ವಿಜ್ಞಾನ ಸಂಸ್ಥೆಯಲ್ಲಿದ್ದ ಮುಳುಗುಗಾರ. 1950ರ ದಶಕದಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮುಳುಗುವುದು ಇನ್ನೂ ಹೊಸದಾಗಿದ್ದಾಗ, ನೀರಿನಡಿ ತಾಸುಗಟ್ಟಲೆ ಕೂತು ಮೀನುಗಳು ಸರದಿಯಲ್ಲಿ ನಿಂತು ಸೀಗಡಿಯಿಂದ, ಸಣ್ಣ ಮೀನುಗಳಿಂದ ಮೈ ಶುಚಿ ಮಾಡಿಸಿಕೊಳ್ಳುವುದನ್ನು ದಾಖಲಿಸಿದ. ಬಹಾಮಾಸ್‌ನಲ್ಲಿ ಎರಡು ಸಣ್ಣ ದಿಬ್ಬಗಳಿಂದ ಶುಚಿಗಾರ ಜೀವಿಗಳನ್ನೆಲ್ಲ ತೆಗೆದು ನೋಡಿದ. ಕೆಲವೇ ದಿನಗಳಲ್ಲಿ ಅಲ್ಲಿನ ಮೀನುಗಳ ಸಂಖ್ಯೆ ಇಳಿಯಿತು, ಉಳಿದವುಗಳ ಮೈಮೇಲೆ ಹುಣ್ಣುಗಳು ಕಂಡವು ಎಂದು ಬರೆದ. ಅದೇ ಪ್ರಯೋಗವನ್ನು ಆಮೇಲೆ ಬೇರೆಡೆ ಮಾಡಿದ ಎಲ್ಲರಿಗೂ ಅದೇ ಫಲ ಸಿಗಲಿಲ್ಲವೆಂಬುದನ್ನೂ ಹೇಳಬೇಕು. ಆದರೆ ಪ್ರಶ್ನೆ ಎತ್ತಿದವನು ಅವನು. ಅವನ ಪ್ರಸಿದ್ಧ ಲೇಖನ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬಂದದ್ದು 1961ರಲ್ಲಿ. ಅದಕ್ಕೂ ಹಿಂದಿನ ವರ್ಷ ಫ್ರಾನ್ಸಿನ ಕರಾವಳಿಯ ನೀರೊಳಗಿನ ಗುಹೆಯೊಂದರಲ್ಲಿ ದಾರಿ ತಪ್ಪಿ ಅವನು ತೀರಿಕೊಂಡಿದ್ದ.

ಸೀಗಡಿ ತಾನು ಆಹಾರವಲ್ಲ, ಕೆಲಸದವನು ಎಂದು ಮೀನಿಗೆ ತಿಳಿಸುವುದು ಹೇಗೆ? 2005ರಲ್ಲಿ ಆಸ್ಟ್ರೇಲಿಯಾದ ಜಸ್ಟೀನ್ ಬೆಕರ್, ಲಿಂಡಾ ಕರ್ಟಿಸ್ ಮತ್ತು ಅಲೆಕ್ಸಾಂಡ್ರಾ ಗ್ರಟರ್ ಯೂರೊಕ್ಯಾರಿಡೆಲ್ಲಾ ಎಂಬ ಗುಂಪಿನ ಹಳದಿ ಕೊಕ್ಕಿನ ಸೀಗಡಿಯನ್ನು ಗಮನಿಸಿದರು. ಅದು ಗಿರಾಕಿ ಮೀನಿನ ಕಡೆ ಹೋಗುವಾಗ ಮೈಯನ್ನು ಅತ್ತಿತ್ತ ತೂಗುತ್ತದೆ. ಹಾಗೆ ತೂಗಿಕೊಂಡು ಹೋದಾಗಲೆಲ್ಲ ಶುಚಿ ಮಾಡುವ ಕೆಲಸ ನಡೆಯಿತು. ಹಸಿದ ಸೀಗಡಿ ಹೊಟ್ಟೆ ತುಂಬಿದ ಸೀಗಡಿಗಿಂತ ಹೆಚ್ಚು ಹೊತ್ತು ತೂಗುತ್ತದೆ. ಆಯ್ಕೆ ಕೊಟ್ಟರೆ ಮೀನು ಆ ಹಸಿದ, ತೂಗುವ ಸೀಗಡಿಯ ಬಳಿಗೇ ಹೋಗುತ್ತದೆ. ಆ ಪ್ರಯೋಗದಲ್ಲಿ ಗಿರಾಕಿಯಾಗಿದ್ದದ್ದು ಗ್ರೂಪರ್ ವಂಶದ ಒಂದು ಮೀನು, ನಮ್ಮ ಮಂಗಳೂರಿನ ಮಾರುಕಟ್ಟೆಯಲ್ಲಿ ಮುರು ಎಂದು ಮಾರುವ ಮೀನಿನ ಹತ್ತಿರದ ಸಂಬಂಧಿ. ಸೀಗಡಿ ತಿಂದೇ ಬೆಳೆಯುವ ಕುಲ.

ಸಂಕೇತ ಒಂದೇ ಕಡೆಯಿಂದ ಹೋಗುವುದಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿದ್ದ ಎಲೀನರ್ ಕೇವ್ಸ್ ಮತ್ತು ಸಂಗಡಿಗರು ಕೆರಿಬಿಯನ್ ಕಡಲಿನ ಪೆಡರ್ಸನ್ ಸೀಗಡಿಗಳ ಮುಂದೆ ಕೂತು ನೋಡಿದಾಗ ಒಂದು ಕ್ರಮ ಕಂಡಿತು. ಸೀಗಡಿ ಮೀಸೆಗಳನ್ನು ಚಾವಟಿಯಂತೆ ಬೀಸುತ್ತದೆ; ಬಂದ ಮೀನು ಮೈಬಣ್ಣವನ್ನು ಗಾಢ ಮಾಡಿಕೊಳ್ಳುತ್ತದೆ; ಆಮೇಲೆ ಕೆಲಸ ಶುರು. ಪರದೆಯ ಮೇಲೆ ಬರೀ ಕಪ್ಪು ಆಕೃತಿ ತೋರಿಸಿದರೂ ಸೀಗಡಿ ಅದನ್ನು ಗಿರಾಕಿಯೆಂದೇ ನಡೆಸಿಕೊಂಡಿತು. ಇದೇ ಕೇವ್ಸ್ ಸೀಗಡಿಗಳ ಕಣ್ಣನ್ನೂ ಪರೀಕ್ಷಿಸಿದ್ದರು. ಅವಕ್ಕೆ ಬಣ್ಣ ಬೇರೆಬೇರೆಯಾಗಿ ತಿಳಿಯದು, ಸೂಕ್ಷ್ಮ ವಿವರ ಕಾಣದು. ಅಂದರೆ ನಾವು ದುಡ್ಡು ಕೊಟ್ಟು ತರುವ ಆ ಕೆಂಪು, ಆ ಬಿಳಿ ಪಟ್ಟೆ ಅದರ ಜೊತೆಗಾರ ಸೀಗಡಿಗೇ ಕಾಣುವುದಿಲ್ಲ. ಅವು ಇರುವುದು ಮೀನಿನ ಕಣ್ಣಿಗಾಗಿ. ಈ ವಿಷಯ ಓದಿದ ಮೇಲೆ ಕ್ಲೀನರ್ ಶ್ರಿಂಪ್ ಅನ್ನು ನಾನು ಹಿಂದಿನಂತೆ ನೋಡಲಾರೆ.

ಕೆಂಪು ಸಮುದ್ರದಲ್ಲಿ ಲೂಸೀಲ್ ಶಾಪ್ವಿ ಮತ್ತು ರೆಡುವಾನ್ ಬಿಶಾರಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ವಾರಸ್ಯದ್ದು. ಶುಚಿ ಮಾಡುವ ಸೀಗಡಿ ಆಗಾಗ ಮೋಸವನ್ನೂ ಮಾಡುತ್ತದೆ. ಪರೋಪಜೀವಿಯ ಬದಲು ಮೀನಿನ ಮೈಯನ್ನೇ ಚಿವುಟುತ್ತದೆ, ಮೀನು ಬೆಚ್ಚಿ ನಡುಗುತ್ತದೆ. ಈ ಚಿವುಟಾಟ ಬೇಟೆಯಾಡದ ಮೀನುಗಳ ಮೇಲೆ ಹೆಚ್ಚು, ಬೇಟೆಗಾರ ಮೀನುಗಳ ಮೇಲೆ ಕಡಿಮೆ. ಸೀಗಡಿಗೆ ಎದುರಿಗಿರುವ ಬಾಯಿ ಎಂಥದೆಂದು ಗೊತ್ತು.

ತೊಟ್ಟಿಯಲ್ಲಿ ಇಲ್ಲವಾಗುವುದು

ದಿಬ್ಬದಲ್ಲಿ ಸೀಗಡಿಗೆ ತನ್ನ ಠಾಣೆ ಇದೆ. ಬಂಡೆಯ ಚಾಚು, ಕಡಲ ಹೂವಿನ ಪಕ್ಕ, ಗುಹೆಯ ಬಾಯಿ. ಮೀನು ತಾನಾಗಿ ಅಲ್ಲಿಗೆ ಬರುತ್ತದೆ, ಬಂದಾಗ ಅದಕ್ಕೆ ಬೇಕಾದದ್ದು ಶುಚಿ. ಬೇಟೆ ಬೇಕಾದಾಗ ಅದು ಬೇರೆ ಕಡೆ ಇರುತ್ತದೆ. ತೊಟ್ಟಿಯಲ್ಲಿ ಆ ಎರಡು ಜಾಗಗಳು ಒಂದೇ ಆಗುತ್ತವೆ. ಮೀನು ಮಲಗುವ, ಉಣ್ಣುವ, ಬೇಟೆಗೆ ಹೊಂಚುವ, ಬೇಸರದಲ್ಲಿ ಸುತ್ತುವ ಜಾಗವೇ ಸೀಗಡಿಯ ಅಂಗಡಿಯೂ ಹೌದು. ತೊಟ್ಟಿ ಚೆನ್ನಾಗಿದ್ದರೆ ಮೀನಿನ ಮೈಮೇಲೆ ಪರೋಪಜೀವಿಗಳೂ ಇರುವುದಿಲ್ಲ. ಸೀಗಡಿಗೆ ಕೊಡಲು ಸೇವೆಯೇ ಉಳಿಯುವುದಿಲ್ಲ.

ಇನ್ನೊಂದು ಅಪಾಯ ಸೀಗಡಿಯ ಮೈಯೊಳಗೇ ಇದೆ. ಅದು ಬೆಳೆಯಬೇಕಾದರೆ ಚಿಪ್ಪು ಕಳಚಬೇಕು, ಕೆಲವು ವಾರಗಳಿಗೊಮ್ಮೆ. ಕಳಚಿದ ಮೇಲೆ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಮೈ ಮೆತ್ತಗೆ, ಚಲನೆ ಮಂದ. ಆ ಹೊತ್ತಿನಲ್ಲಿ ಅದು ಕುಣಿಯುವುದಿಲ್ಲ, ಬಿಲದಿಂದ ಹೊರಗೂ ಬರುವುದಿಲ್ಲ. ಬಿಲವೇ ಇಲ್ಲದ ತೊಟ್ಟಿಯಾದರೆ, ತಿಂಗಳುಗಟ್ಟಲೆ ಹಾವುಮೀನಿನ ತಲೆಯ ಮೇಲೆ ಕೂತಿದ್ದ ಸೀಗಡಿಯೂ ಅವತ್ತು ಉಳಿಯದು. “ಇಷ್ಟು ದಿನ ಚೆನ್ನಾಗೇ ಇತ್ತಲ್ಲ, ಇವತ್ತೇನಾಯ್ತು” ಎಂದು ಅಚ್ಚರಿಪಡುವವರಲ್ಲಿ ಹೆಚ್ಚಿನವರಿಗೆ ಆದದ್ದು ಇದೇ. ಹೊಸಬರು ಮಾತ್ರ ಇದರ ಉಲ್ಟಾ ಗಾಬರಿ ಬೀಳುತ್ತಾರೆ: ಮರಳಿನ ಮೇಲೆ ಬಿದ್ದ ಖಾಲಿ ಚಿಪ್ಪು ಮೀಸೆ, ಕಾಲು, ಕಣ್ಣಿನ ಪೊರೆಯ ಸಮೇತ ಥೇಟ್ ಸತ್ತ ಸೀಗಡಿಯಂತೆಯೇ ಕಾಣುತ್ತದೆ. ಅದನ್ನು ತೆಗೆಯುವ ಅವಸರ ಬೇಡ, ಎಷ್ಟೋ ಸಲ ಸೀಗಡಿಯೇ ಬಂದು ಅದನ್ನು ತಿನ್ನುತ್ತದೆ. ಒಂದೇ ಸೀಗಡಿ ಇಡುವ ಬದಲು ಎರಡಿದ್ದರೆ ಇನ್ನೊಂದು ವಿಶೇಷ ಕಾಣಬಹುದು. ಈ ಜಾತಿಯ ಪ್ರತಿ ಸೀಗಡಿಯೂ ಮೊದಲು ಗಂಡಾಗಿದ್ದು, ಬೆಳೆದ ಮೇಲೆ ಗಂಡು ಹೆಣ್ಣು ಎರಡೂ ಆಗುತ್ತದೆ. ಯಾವುದು ಚಿಪ್ಪು ಕಳಚಿತೋ ಅದು ಅಂದು ಹೆಣ್ಣು. ಮುಂದಿನ ಸಲ ಪಾತ್ರ ಅದಲುಬದಲು. ಹೊಟ್ಟೆಯಡಿ ಹಸಿರು ಮೊಟ್ಟೆಗಳ ಗೊಂಚಲು ಕಂಡರೆ ಬೇಟೆಗಾರನಿರುವ ತೊಟ್ಟಿಯಲ್ಲೂ ಅದಕ್ಕೆ ನೆಮ್ಮದಿ ಇದೆಯೆಂದು ತಿಳಿಯಬಹುದು.

ಯಾರ ಜೊತೆ ಬೇಡ

ಮೀನಿನ ಭಯಂಕರ ಮುಖ ನೋಡಿ ತೀರ್ಮಾನಿಸಬಾರದು, ಹಲ್ಲು ನೋಡಿ ತೀರ್ಮಾನಿಸಬೇಕು. ಸ್ನೋಫ್ಲೇಕ್ ಹಾವುಮೀನು ಮುದ್ದಾಗಿದೆ, ಬಿಳಿ ಮೈಮೇಲೆ ಕಪ್ಪು ಹೂಗಳು, ಸೌಮ್ಯ ಸ್ವಭಾವ, ಸಣ್ಣ ಮೀನುಗಳ ತಂಟೆಗೆ ಅಷ್ಟಾಗಿ ಹೋಗದು. ಹಾಗಾಗಿ ‘ಬಿಗಿನರ್ ಈಲ್’ ಎಂದು ಮಾರುತ್ತಾರೆ. ಅದರ ಹಲ್ಲುಗಳು ಮೊಂಡು, ಗುಂಡುಕಲ್ಲಿನಂಥವು. ಏಡಿ ಸೀಗಡಿಗಳ ಚಿಪ್ಪು ಒಡೆಯಲೆಂದೇ ಇರುವಂಥವು. ಜೀಬ್ರಾ ಹಾವುಮೀನೂ ಅಷ್ಟೆ. ಚೂಪು ಹಲ್ಲಿನ, ನೋಡಿದರೆ ಎದೆ ಝಲ್ಲೆನ್ನಿಸುವ ಮೊರೆಗಳು ಮೀನು ತಿನ್ನುವವು, ಕ್ಲೀನರ್‌ಗಳನ್ನು ಕರೆದು ಬಾಯಿ ತೋರಿಸುವವು ಹೆಚ್ಚಾಗಿ ಅವೇ. ದುರದೃಷ್ಟಕ್ಕೆ ಅವು ಮನೆಯ ತೊಟ್ಟಿಗೆ ಹಿಡಿಸದಷ್ಟು ದೊಡ್ಡದಾಗಿ ಬೆಳೆಯುತ್ತವೆ.

ಲಯನ್‌ಫಿಶ್ ವಿಷಯದಲ್ಲೂ ಇಂಥದೇ ತಿರುವು. ಮರಿಯಾಗಿದ್ದಾಗ ಅದು ಹೆಚ್ಚಾಗಿ ತಿನ್ನುವುದು ಸೀಗಡಿಯಂಥ ಜೀವಿಗಳನ್ನು. ಬೆಳೆದಂತೆ ಮೀನಿನ ಕಡೆ ತಿರುಗುತ್ತದೆ. “ಇನ್ನೂ ಚಿಕ್ಕದು, ಏನೂ ಮಾಡಲ್ಲ” ಎಂಬ ಮಾತು ತಲೆಕೆಳಗು. ತನ್ನ ಉದ್ದದ ಅರ್ಧದಷ್ಟು ಉದ್ದದ ಬೇಟೆಯನ್ನೂ ಅದು ನುಂಗಬಲ್ಲದು. ಗೇಣುದ್ದದೊಳಗೇ ಉಳಿಯುವ ಡ್ವಾರ್ಫ್ ಲಯನ್‌ಗಳಂತೂ ಜೀವನವಿಡೀ ಸೀಗಡಿ ಪ್ರಿಯರು. ಪೂರ್ತಿ ಬೆಳೆದ ವೊಲಿಟನ್ಸ್ ಲಯನ್ ಜೊತೆ ವರ್ಷಗಟ್ಟಲೆ ಬದುಕಿದ ಕ್ಲೀನರ್‌ಗಳಿವೆ, ನಿಜ. ಅವು ಮೀನಿಗಿಂತ ಮೊದಲೇ ಆ ತೊಟ್ಟಿಯಲ್ಲಿ ಬೇರುಬಿಟ್ಟವು, ಬಲಿತವು, ಮತ್ತು ಆ ಮೀನು ಹೊತ್ತುಹೊತ್ತಿಗೆ ಉಂಡು ಬೆಳೆದದ್ದು. ಅದನ್ನು ನೋಡಿ ಹೊಸ ಮರಿ ಲಯನ್ ಇರುವ ತೊಟ್ಟಿಗೆ ಹೊಸ ಸೀಗಡಿ ತರಬಾರದು.

ಹಾಕ್‌ಫಿಶ್ ಬಗ್ಗೆ ವಿಶೇಷವಾಗಿ ಹೇಳಬೇಕು, ಏಕೆಂದರೆ ಅದನ್ನು ಯಾರೂ ಬೇಟೆಗಾರರ ಪಟ್ಟಿಗೆ ಸೇರಿಸುವುದಿಲ್ಲ. ಬೆರಳುದ್ದದ ಕೆಂಪು ಫ್ಲೇಮ್ ಹಾಕ್‌ಫಿಶ್ ಬಂಡೆಯ ತುದಿಯಲ್ಲಿ ಕೂತು ಕಣ್ಣು ತಿರುಗಿಸುತ್ತ ಎಲ್ಲರ ಮನ ಗೆಲ್ಲುತ್ತದೆ. ಈಜುಚೀಲ ಇಲ್ಲದ್ದರಿಂದ ತೇಲಿ ನಿಲ್ಲಲಾರದು, ಕೂತೇ ಕಾಯುತ್ತದೆ. ಬಾಯಿಗೆ ಹಿಡಿಸದ ಸೀಗಡಿಯನ್ನೂ ಬಂಡೆಗೆ ಬಡಿದು ತುಂಡು ಮಾಡಿಕೊಳ್ಳುವುದು ಉದ್ದ ಮೂತಿಯ ಹಾಕ್‌ಫಿಶ್‌ಗೆ ಗೊತ್ತು. ಟ್ರಿಗರ್, ಪಫರ್ ಮೀನುಗಳಿಗೂ ಬಾಯಿಯ ಅಳತೆಯ ಹಂಗಿಲ್ಲ, ಕಚ್ಚಿ ಒಡೆಯುವ ಹಲ್ಲುಗಳಿವೆ. ಕಪ್ಪೆಮೀನಿನ ಬಗ್ಗೆ ಒಂದೇ ಮಾತು ಸಾಕು: ಅದರ ಬಾಯಿ ತೆರೆದು ಬೇಟೆಯನ್ನು ಹೀರಿಕೊಳ್ಳಲು ಸೆಕೆಂಡಿನ ಸಾವಿರದಲ್ಲಿ ಆರು ಪಾಲು ಸಾಕೆಂದು 1979ರಲ್ಲೇ ಅಳೆದಿದ್ದಾರೆ. ಅದರ ಜೊತೆ ಯಾರೂ ಬೇಡ.

ಉಳಿಯುವುದು ಸಣ್ಣ ಗ್ರೂಪರ್‌ಗಳು. ಕೆಂಪು ಮೈಮೇಲೆ ನೀಲಿ ಚುಕ್ಕೆಗಳ ಕೋರಲ್ ಹೈಂಡ್ ಮುಂತಾದವು ದಿಬ್ಬದಲ್ಲಿ ಶುಚಿಗಾರರ ಖಾಯಂ ಗಿರಾಕಿಗಳು. ತೊಟ್ಟಿಯಲ್ಲೂ ಬಾಯಿ, ಕಿವಿರು ಬಿಚ್ಚಿ ನಿಲ್ಲುವುದನ್ನು ಕಾಣಬಹುದು. ದೊಡ್ಡ ತೊಟ್ಟಿ, ಬಲಿತ ಕ್ಲೀನರ್, ಹೊಟ್ಟೆ ತುಂಬಿದ ಮೀನು, ಈ ಮೂರೂ ಇದ್ದರೆ ನಾನು ಒಪ್ಪುವುದು ಈ ಜೋಡಿಯನ್ನು ಮಾತ್ರ. ಸೀಗಡಿಯೂ ಕ್ಲೀನರ್ ಜಾತಿಯದೇ ಆಗಿರಬೇಕು. ಕುಣಿತ ಗೊತ್ತಿಲ್ಲದ ಬೇರೆ ಸೀಗಡಿ ಗ್ರೂಪರ್‌ನ ಕಣ್ಣಿಗೆ ಊಟವೇ. ಕೆಂಪು ಬಿಳಿ ಉಂಗುರಗಳ, ಉದ್ದ ಕೈಗಳ ಬಾಕ್ಸರ್ ಸೀಗಡಿಯೂ ಶುಚಿಗಾರನೇ, ಗಟ್ಟಿಮುಟ್ಟಾದದ್ದು. ಆದರೆ ಗಂಡುಹೆಣ್ಣಿನ ಜೋಡಿಯಲ್ಲದಿದ್ದರೆ ಎರಡನ್ನು ಒಟ್ಟಿಗಿಡಬಾರದು, ಒಂದನ್ನೊಂದು ಕೊಲ್ಲುತ್ತವೆ.

ಪಾತ್ರಗಳು ತಿರುಗುಮುರುಗಾಗುವ ಪ್ರಸಂಗವೂ ಉಂಟು. ಮ್ಯಾಂಟಿಸ್ ಶ್ರಿಂಪ್ ಹೆಸರಿನಲ್ಲಷ್ಟೇ ಶ್ರಿಂಪ್, ಸೀಗಡಿಗಳಿಗೆ ದೂರದ ನಂಟು. ಬಂಡೆಯ ರಂಧ್ರದಲ್ಲಿ ಅವಿತು ಗೊತ್ತಿಲ್ಲದೆ ತೊಟ್ಟಿಗೆ ಬಂದುಬಿಡುತ್ತದೆ. ಅದರ ಗುದ್ದಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೆ ಹೋಗುತ್ತದೆ ಎಂದು ಶೀಲಾ ಪಾಟೆಕ್ ತಂಡ 2004ರಲ್ಲಿ ಅಳೆಯಿತು. ರಾತ್ರಿ ಹೊತ್ತು ತೊಟ್ಟಿಯಿಂದ ಟಕ್ ಟಕ್ ಸದ್ದು ಬಂದು, ಬೆಳಿಗ್ಗೆ ಮೀನು ಗಾಯಗೊಂಡಿದ್ದರೆ ಲಯನ್‌ಫಿಶ್ ಅನ್ನು ಬೈಯುವ ಮೊದಲು ಬಂಡೆಯ ತೂತುಗಳನ್ನು ನೋಡಬೇಕು.

ಇಳಿಸುವ ಕೈ

ಒಂದೇ ತೊಟ್ಟಿಯಲ್ಲಿ ಇಡುವುದೆಂದು ತೀರ್ಮಾನಿಸಿದರೆ ಕ್ರಮ ಮುಖ್ಯ. ಸೀಗಡಿ ಮೊದಲು, ಬೇಟೆಗಾರ ಆಮೇಲೆ. ಸೀಗಡಿಗೆ ತನ್ನ ಚಾಚು, ತನ್ನ ಬಿಲ, ಓಡುವ ಎರಡನೆಯ ಬಾಗಿಲು ಗೊತ್ತಾಗಲು ಕೆಲವು ವಾರ ಬೇಕು. ಮೀನು ಬಂದಾಗ ಅದು ಆಗಲೇ ಅಂಗಡಿ ತೆರೆದು ಕೂತಿರಬೇಕು. ಉಲ್ಟಾ ಆದರೆ, ಅಂದರೆ ಮೀನಿರುವ ತೊಟ್ಟಿಗೆ ಸೀಗಡಿ ತರಬೇಕಾದರೆ, ಎಲ್ಲರೂ ಮಾಡುವ ಕೆಲಸವನ್ನೇ ಮಾಡಬಾರದು: ಪ್ಲಾಸ್ಟಿಕ್ ಚೀಲವನ್ನು ಮೇಲಿನಿಂದ ಬಗ್ಗಿಸಿ ಸುರಿಯುವುದು. ದಿನವೂ ಮೇಲಿನಿಂದ ಬೀಳುವುದು ಊಟವೆಂದು ಕಲಿತ ಮೀನಿಗೆ, ಕಾಲು ಕೆದರಿಕೊಂಡು ನಡುನೀರಿನಲ್ಲಿ ಇಳಿಯುವ ಸೀಗಡಿಯೂ ಊಟ. ಮೀನಿಗೆ ಹೊಟ್ಟೆ ತುಂಬ ತಿನ್ನಿಸಿ, ದೀಪ ಆರಿಸಿ, ಅಗಲವಾದ ಪೈಪೊಂದನ್ನು ಬಂಡೆಯ ಸಂದಿಯವರೆಗೆ ಇಳಿಸಿ ಅದರೊಳಗಿಂದ ಸೀಗಡಿಯನ್ನು ನೇರ ನೆಲೆಗೆ ಸೇರಿಸಬೇಕು. ಕಾಲುಗಳಿಗೆ ಬಂಡೆ ಸಿಕ್ಕ ಸೀಗಡಿ ತಕ್ಷಣ ಕೂತು ಮೀಸೆ ಬೀಸಲು ಶುರು ಮಾಡುತ್ತದೆ. ಅದರ ಭಾಷೆ ಕೆಲಸ ಮಾಡುವುದು ಕೂತಲ್ಲಿಂದ.

ಬಂಡೆ ಎಂದಾಗ ಒಂದು ಎಚ್ಚರಿಕೆ. ನಮ್ಮ ಕಡಲಿನ ಹವಳವನ್ನು ಮುಟ್ಟುವಂತಿಲ್ಲ. ದಿಬ್ಬ ಕಟ್ಟುವ ಹವಳಗಳು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ, ಕಡಲಕುದುರೆಗಳೂ ದೈತ್ಯ ಗ್ರೂಪರ್ ಕೂಡ. ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗಿ ಬಂದವರು ನೆನಪಿಗೆಂದು ಒಂದು ತುಂಡು ತರುವುದೂ ಅಪರಾಧ. ಸೆರಾಮಿಕ್ ಕಲ್ಲುಗಳು ಸಿಗುತ್ತವೆ. ಸೀಗಡಿಗೆ ಬೇಕಾದದ್ದು ಸಂದಿ, ಹವಳವಲ್ಲ.

ನೀರಿನ ವಿಷಯದಲ್ಲಿ ಸೀಗಡಿ ಮೀನಿಗಿಂತ ನಾಜೂಕು. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಕಡಲನ್ನು ಚೀಲದ ಉಪ್ಪಿನಿಂದ ಮಾಡಿಕೊಳ್ಳಬೇಕು. ಬೋರ್‌ವೆಲ್ ನೀರು ಆಗದು, ಆರ್‌ಒ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕದಲ್ಲಿ ಅಕ್ವೇರಿಯಂ ಉಪ್ಪು ಬೆರೆಸಿ, ಸಾಂದ್ರತೆ 1.025ರ ಆಸುಪಾಸು ತರಬೇಕು. ಅಡುಗೆ ಉಪ್ಪಿನಿಂದ ಈ ಕೆಲಸ ಆಗುವುದಿಲ್ಲ. ಅಂಗಡಿಯ ನೀರಿಗೂ ಮನೆಯ ನೀರಿಗೂ ಉಪ್ಪಿನಲ್ಲಿ ವ್ಯತ್ಯಾಸವಿದ್ದರೆ ಮೀನು ತಡೆದುಕೊಂಡೀತು, ಸೀಗಡಿ ತಡೆಯದು. ಸಣ್ಣ ಕೊಳವೆಯಿಂದ ಹನಿಹನಿಯಾಗಿ ತೊಟ್ಟಿಯ ನೀರನ್ನು ಅದರ ಪಾತ್ರೆಗೆ ಬಿಡುತ್ತ ಒಂದೆರಡು ತಾಸು ತಾಳ್ಮೆಯಿಂದ ಕೂರಬೇಕು. ಬೇಟೆಗಾರ ತಿಂದನೆಂದು ದೂರುವ ಎಷ್ಟೋ ಸೀಗಡಿಗಳು ಸತ್ತದ್ದು ಈ ಅವಸರದಿಂದ. ಮೀನು ತಿಂದದ್ದು ಹೆಣವನ್ನು. ಏಪ್ರಿಲ್‌ನ ಸೆಕೆಗೆ ಚಿಲ್ಲರ್, ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್, ಇವು ಆಡಂಬರವಲ್ಲ.

ಊಟದ ವಿಷಯಕ್ಕೆ ಬರೋಣ. ಬೇಟೆಗಾರ ಮೀನಿಗೆ ಜೀವಂತ ಗಪ್ಪಿ, ಗೋಲ್ಡ್‌ಫಿಶ್ ಹಾಕಿ ಮನೆಮಂದಿಗೆ ತೋರಿಸುವ ಅಭ್ಯಾಸವನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಸಿಹಿನೀರಿನ ಆ ಮೀನುಗಳ ಕೊಬ್ಬು ಕಡಲ ಮೀನಿಗೆ ಒಗ್ಗದು. ಗೋಲ್ಡ್‌ಫಿಶ್‌ನಲ್ಲಿ ಬಿ1 ಜೀವಸತ್ವವನ್ನು ಹಾಳು ಮಾಡುವ ಕಿಣ್ವವೂ ಇದೆ. ಅದಕ್ಕಿಂತ ಮುಖ್ಯವಾಗಿ, ಓಡಾಡುವುದೆಲ್ಲ ಊಟವೆಂಬ ಪಾಠವನ್ನು ನಾವೇ ದಿನವೂ ಕಲಿಸಿದಂತಾಯಿತು. ಐಸಿನಲ್ಲಿಟ್ಟ ಕಡಲ ಮೀನು, ಬೊಂಡಾಸಿನ ತುಂಡುಗಳನ್ನು ಕಡ್ಡಿಯ ತುದಿಗೆ ಚುಚ್ಚಿ, ಒಂದೇ ಮೂಲೆಯಲ್ಲಿ, ಗೊತ್ತಾದ ಹೊತ್ತಿಗೆ ಕೊಟ್ಟರೆ ಲಯನ್‌ಫಿಶ್ ಕೂಡ ಆ ಮೂಲೆಯಲ್ಲೇ ಕಾಯಲು ಕಲಿಯುತ್ತದೆ. ಸೀಗಡಿಯ ಮೂಲೆ ಬೇರೆಯಾಗಿ ಉಳಿಯುತ್ತದೆ. ದಿಬ್ಬದಲ್ಲಿ ತಾನಾಗಿ ಇದ್ದ ಜಾಗದ ಭೇದವನ್ನು ತೊಟ್ಟಿಯಲ್ಲಿ ಹೀಗೆ ಸ್ವಲ್ಪ ಮಟ್ಟಿಗೆ ಮರಳಿ ತರಬಹುದು. ಲಯನ್‌ಫಿಶ್‌ನ ಬೆನ್ನಿನ 13 ಮುಳ್ಳುಗಳಲ್ಲೂ ವಿಷವಿದೆ, ತೊಟ್ಟಿಯೊಳಗೆ ಕೈ ಹಾಕುವಾಗ ಅದು ಎಲ್ಲಿದೆಯೆಂದು ನೋಡಿಕೊಳ್ಳಬೇಕು. ಚುಚ್ಚಿದರೆ ಸಹಿಸುವಷ್ಟು ಬಿಸಿನೀರಿನಲ್ಲಿ ಕೈ ಅದ್ದಿ ಆಸ್ಪತ್ರೆಗೆ ಹೋಗುವುದು.

ರೋಗ ಬಂದಾಗ ಈ ಜೋಡಿಯ ನಿಜವಾದ ಕಷ್ಟ ಶುರು. ಮೀನಿಗೆ ಬಿಳಿಚುಕ್ಕೆ ರೋಗ ಬಂದರೆ ಹಳೆಯ ನಂಬಿಕಸ್ತ ಔಷಧಿ ತಾಮ್ರ. ತಾಮ್ರ ಸೀಗಡಿಗೆ ವಿಷ, ಮೀನನ್ನು ಗುಣಪಡಿಸುವ ಪ್ರಮಾಣವೇ ಅದನ್ನು ಕೊಲ್ಲುತ್ತದೆ. ಉಪ್ಪಿನಂಶ ಇಳಿಸುವ ಚಿಕಿತ್ಸೆಯನ್ನೂ ಅದು ತಾಳದು. ಆದ್ದರಿಂದ ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು, ಅಲ್ಲೇ ಔಷಧಿ ಮುಗಿಸಿ ತರುವುದೊಂದೇ ದಾರಿ. ಸೀಗಡಿ ಇದ್ದರೆ ಅದೇ ರೋಗ ತೆಗೆಯುತ್ತದೆ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವಾನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಶುಚಿಗಾರ ಸೀಗಡಿಗಳು ಸಾಕಿದ ಗ್ರೂಪರ್ ಮರಿಗಳ ಮೈಮೇಲಿನ ಪರೋಪಜೀವಿಗಳನ್ನು ಗಣನೀಯವಾಗಿ ಇಳಿಸಿದವು. ಗಾಯಗೊಂಡ ಮೀನಿನ ಗಾಯವನ್ನೂ ಅವು ಕೆದಕಲಿಲ್ಲ. ಮೀನು ಸಾಕಣೆಯಲ್ಲಿ ಔಷಧಿಯ ಬದಲು ಸೀಗಡಿಯನ್ನೇ ಬಳಸುವ ಆಸೆ ಅಲ್ಲಿಂದ ಹುಟ್ಟಿದೆ. ಆದರೆ ಚರ್ಮದ ಒಳಗೇ ಹೊಕ್ಕು ಕೂರುವ ಬಿಳಿಚುಕ್ಕೆಯ ಜೀವಿಯನ್ನು ಹೆಕ್ಕಿ ಮುಗಿಸಲು ಒಂದೆರಡು ಸೀಗಡಿಗಳಿಂದ ಆಗದು.

ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ

ಅಂಗೈಯಗಲದ ಮರಿಯಾಗಿ ಬರುವ ವೊಲಿಟನ್ಸ್ ಲಯನ್ ಮೂವತ್ತು ಸೆಂಟಿಮೀಟರ್ ಮೀರಿ ಬೆಳೆಯುತ್ತದೆ. ಸಾಕಲಾರದೆ ಕಡಲಿಗೆ ಬಿಟ್ಟರೇನಾಗುತ್ತದೆ ಎಂಬುದಕ್ಕೆ ಅಟ್ಲಾಂಟಿಕ್ ಸಾಕ್ಷಿ. ಹಿಂದೂ ಮಹಾಸಾಗರ, ಪೆಸಿಫಿಕ್‌ಗಳ ಈ ಮೀನು 1985ರಲ್ಲಿ ಫ್ಲಾರಿಡಾ ಬಳಿ ಸಿಕ್ಕಿತು. 1992ರ ಚಂಡಮಾರುತದಲ್ಲಿ ಒಡೆದ ತೊಟ್ಟಿಯಿಂದ ತಪ್ಪಿಸಿಕೊಂಡಿತೆಂಬ ಕತೆ ಬಹಳ ದಿನ ಚಾಲ್ತಿಯಲ್ಲಿತ್ತು. ಅದಕ್ಕೂ ಏಳು ವರ್ಷ ಮೊದಲೇ ಅದು ಅಲ್ಲಿತ್ತು. ಅಕ್ವೇರಿಯಂ ಇಟ್ಟವರು ಬಿಟ್ಟದ್ದೇ ಮೂಲವೆಂಬುದು ಈಗ ಹೆಚ್ಚಿನವರ ಅಭಿಪ್ರಾಯ. ಬಹಾಮಾಸ್‌ನ ಸಣ್ಣ ದಿಬ್ಬಗಳಲ್ಲಿ ಮಾರ್ಕ್ ಆಲ್ಬಿನ್ಸ್, ಮಾರ್ಕ್ ಹಿಕ್ಸನ್ ನಡೆಸಿದ ಪ್ರಯೋಗದಲ್ಲಿ ಲಯನ್‌ಫಿಶ್ ಇದ್ದ ಕಡೆ ಐದು ವಾರಗಳಲ್ಲಿ ಹೊಸ ಮರಿಮೀನುಗಳ ಸೇರ್ಪಡೆ ಶೇ 79ರಷ್ಟು ಕುಸಿಯಿತು. ಲಿಂಬಾ ಶುಚಿಗಾರರನ್ನು ತೆಗೆದು ನೋಡಿದ ಅದೇ ಬಹಾಮಾಸ್.

ಸೀಗಡಿಯ ಕಡೆಯಿಂದಲೂ ಒಂದು ಲೆಕ್ಕವಿದೆ. ಕ್ಲೀನರ್ ಶ್ರಿಂಪ್ ತೊಟ್ಟಿಯಲ್ಲಿ ಸುಲಭವಾಗಿ ಮೊಟ್ಟೆ ಇಡುತ್ತದೆ, ಆದರೆ ಮರಿಗಳನ್ನು ಬದುಕಿಸುವುದು ಬಹು ಕಷ್ಟ. ಅವು ತಿಂಗಳುಗಟ್ಟಲೆ ತೇಲುವ ಲಾರ್ವಾಗಳಾಗಿ, ಕೂದಲೆಳೆಯಂಥ ಕಾಲುಗಳನ್ನು ಚಾಚಿಕೊಂಡು, ಎಷ್ಟೋ ಸಲ ರೂಪ ಬದಲಿಸಿ ಆಮೇಲೆ ಸೀಗಡಿಯಾಗಬೇಕು. ಸುಲಭದ ಜಾತಿಗಳಲ್ಲಿ ನಮ್ಮವರೇ ದಾರಿ ಮಾಡಿದ್ದಾರೆ. ಲಕ್ಷದ್ವೀಪದ ಅಗತ್ತಿಯಲ್ಲಿ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೊ ಅಲಂಕಾರಿಕ ಸೀಗಡಿಗಳ ಕೇಂದ್ರ ತೆರೆದು, ದ್ವೀಪದ ಹೆಂಗಸರಿಗೆ ಅವನ್ನು ಸಾಕಿ ಬೆಳೆಸುವುದನ್ನು ಕಲಿಸಿದೆ. ಕಡಲ ಹೂವಿನ ಮೇಲೆ ಬಾಳುವ, ಗಾಜಿನಂಥ ಮೈಗೆ ಬಿಳಿ ಮಚ್ಚೆಗಳ ಆನ್ಸಿಲೊಕ್ಯಾರಿಸ್ ಬ್ರೆವಿಕಾರ್ಪಾಲಿಸ್, ಬಾಲ ಎತ್ತಿ ಕುಣಿಯುವ ಪುಟಾಣಿ ಥಾರ್ ಸೀಗಡಿ ಅಲ್ಲಿ ಬೆಳೆಯುತ್ತವೆ. ಅದೇ ದ್ವೀಪದ ನೀರಿನಲ್ಲಿ ಅರಬ್ಬಿ ಸಮುದ್ರದ ಹೆಸರು ಹೊತ್ತ ಹೊಸದೊಂದು ಯೂರೊಕ್ಯಾರಿಡೆಲ್ಲಾ ಸೀಗಡಿಯೂ ಪತ್ತೆಯಾಯಿತು, ಗ್ರೂಪರ್ ಮುಂದೆ ತೂಗಾಡುವ ಆ ಹಳದಿ ಕೊಕ್ಕಿನ ಸೀಗಡಿಯ ದಾಯಾದಿ.

ಕೆಂಪು ಬೆನ್ನಿನ ಲೈಸ್ಮಾಟಾ ಮಾತ್ರ ಇಂದಿಗೂ ಬಹುಪಾಲು ದಿಬ್ಬದಿಂದಲೇ ಹಿಡಿದು ತಂದದ್ದು. ಇಂಡೊನೇಷ್ಯಾ, ಫಿಲಿಪ್ಪೀನ್ಸ್, ಶ್ರೀಲಂಕಾಗಳ ಕಡೆಯಿಂದ ಚೀಲದಲ್ಲಿ ವಿಮಾನ ಹತ್ತಿ ಬರುತ್ತದೆ. ಅಲ್ಲೊಂದು ಚಾಚಿನ ಮೇಲೆ ಅದರ ಠಾಣೆ ಇತ್ತು, ಸರದಿ ನಿಲ್ಲುವ ಗಿರಾಕಿಗಳಿದ್ದರು. ಅಂಥದ್ದನ್ನು ತಂದು, ಮರಿ ಲಯನ್ ಇರುವ ತೊಟ್ಟಿಗೆ “ನೋಡೋಣ, ಏನಾಗುತ್ತೆ” ಎಂದು ಬಿಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಲಯನ್‌ಫಿಶ್ ಬೇಕೆನ್ನುವವರು ಅದನ್ನೇ ಚೆನ್ನಾಗಿ ಸಾಕಲಿ. ಕ್ಲೀನರ್ ಬೇಕೆನ್ನುವವರು ಅದಕ್ಕೆ ಟ್ಯಾಂಗ್, ಏಂಜಲ್‌ಗಳಂಥ ಗಿರಾಕಿಗಳಿರುವ ತೊಟ್ಟಿ ಕೊಡಲಿ. ಅವೂ ಸೀಗಡಿಯ ಮುಂದೆ ರೆಕ್ಕೆ ಬಿಚ್ಚಿ, ಬಣ್ಣ ಬದಲಿಸಿ, ತಲೆ ಕೆಳಗಾಗಿ ನಿಲ್ಲುತ್ತವೆ.